ಕೇಳುವ ಮೊದಲೇ ಕಿವಿಗೆ ಬಿದ್ದ ಮಾತು

1962ರ ಏಪ್ರಿಲ್ 6ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ಗೆ ಬಂದಿದ್ದವರು ಬ್ರಾಮ್ಸ್‌ನ ಮೊದಲನೆಯ ಪಿಯಾನೋ ಕಾನ್ಚೆರ್ಟೊ ಕೇಳುವ ಮುಂಚೆ ಒಂದು ಪುಟ್ಟ ಭಾಷಣ ಕೇಳಬೇಕಾಯಿತು. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾವನ್ನು ನಡೆಸುತ್ತಿದ್ದ ಲೆನರ್ಡ್ ಬರ್ನ್‌ಸ್ಟೈನ್ ವಾದ್ಯಗಾರರ ಕಡೆ ತಿರುಗುವ ಬದಲು ಸಭೆಯ ಕಡೆ ತಿರುಗಿ ನಿಂತರು. ಅಂದು ಪಿಯಾನೋ ನುಡಿಸಬೇಕಿದ್ದವರು ಕೆನಡಾದ ಗ್ಲೆನ್ ಗೂಲ್ಡ್. ವಯಸ್ಸು 29. ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ಧ್ವನಿಮುದ್ರಿಕೆಯಿಂದ ಆರು ವರ್ಷ ಮೊದಲೇ ಲೋಕಪ್ರಸಿದ್ಧರಾಗಿದ್ದರು. ಕಚೇರಿಗಳನ್ನು ಕೊನೆ ಗಳಿಗೆಯಲ್ಲಿ ರದ್ದು ಮಾಡುವುದರಲ್ಲಿಯೂ ಅವರಿಗೆ ಅಷ್ಟೇ ಹೆಸರಿತ್ತು. ಅದಕ್ಕೇ ಬರ್ನ್‌ಸ್ಟೈನ್ ಮೊದಲು, ಗಾಬರಿಯಾಗಬೇಡಿ, ಗೂಲ್ಡ್ ಬಂದಿದ್ದಾರೆ ಎಂದು ನಗಿಸಿದರು.

ಆಮೇಲೆ ಹೇಳಿದ್ದು ನಗುವ ಮಾತಾಗಿರಲಿಲ್ಲ. ಈಗ ಕೇಳಲಿರುವ ಬ್ರಾಮ್ಸ್ ಬಹಳ ನಿಧಾನದ ನಡೆಯದ್ದು. ಜೋರು ಎಲ್ಲಿ, ಮೆಲು ಎಲ್ಲಿ ಎಂದು ಬ್ರಾಮ್ಸ್ ಬರೆದಿಟ್ಟ ಸೂಚನೆಗಳನ್ನೂ ಇದು ಹಲವೆಡೆ ಮೀರುತ್ತದೆ. ಗೂಲ್ಡ್ ಅವರ ಈ ಕಲ್ಪನೆಯನ್ನು ತಾನು ಪೂರ್ತಿ ಒಪ್ಪಲಾರೆ. ಹಾಗಾದರೆ ಯಾಕೆ ನಡೆಸಿಕೊಡುತ್ತಿದ್ದೇನೆ? ಗೂಲ್ಡ್ ಗಂಭೀರ ಕಲಾವಿದ, ಅವರು ಮನಸ್ಸಿಟ್ಟು ಯೋಚಿಸಿದ್ದನ್ನು ಕೇಳಲೇಬೇಕು. ಚಿರಪರಿಚಿತ ಕೃತಿಯೊಂದು ಇಲ್ಲಿ ಕೆಲವೆಡೆ ಹೊಚ್ಚ ಹೊಸದಾಗಿ ಕಾಣುತ್ತದೆ. ಬರ್ನ್‌ಸ್ಟೈನ್ ಮಾತಿನ ಸಾರ ಇದು. ಕಾನ್ಚೆರ್ಟೊದಲ್ಲಿ ಯಜಮಾನಿಕೆ ಯಾರದು, ಏಕವಾದಕನದೋ ಕಂಡಕ್ಟರನದೋ ಎಂಬ ಪ್ರಶ್ನೆಯನ್ನೂ ಅವರು ಸಭೆಯ ಮುಂದಿಟ್ಟರು. ಅಂದಿನ ಧ್ವನಿಮುದ್ರಣ ಉಳಿದಿದೆ. ಭಾಷಣದ ನಡುನಡುವೆ ಜನ ನಗುವುದು ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಮರುದಿನದ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ವಿಮರ್ಶಕ ಹೆರಾಲ್ಡ್ ಶೋನ್‌ಬರ್ಗ್ ಬರೆದದ್ದು ಇನ್ನೂ ಪ್ರಸಿದ್ಧವಾಯಿತು. ಓಸಿಪ್ ಎಂಬ ಕಲ್ಪಿತ ಗೆಳೆಯನಿಗೆ ಬರೆದ ಪತ್ರದ ಧಾಟಿಯಲ್ಲಿ ಅವರು ಪಿಯಾನೋವಾದಕನನ್ನೂ ಕಂಡಕ್ಟರನನ್ನೂ ಗೇಲಿ ಮಾಡಿದರು. ಗೂಲ್ಡ್ ಇಷ್ಟು ನಿಧಾನವಾಗಿ ನುಡಿಸಲು ಕೈಚಳಕ ಸಾಲದಿರುವುದೇ ಕಾರಣವಿರಬಹುದು ಎಂಬ ಚುಚ್ಚುಮಾತನ್ನೂ ಸೇರಿಸಿದರು. ಗೋಲ್ಡ್‌ಬರ್ಗ್ ವೇರಿಯೇಶನ್ಸ್ ಅನ್ನು ಮಿಂಚಿನ ವೇಗದಲ್ಲಿ ನುಡಿಸಿ ಹೆಸರು ಮಾಡಿದವನ ಮೇಲೆ ಇಂಥ ಅನುಮಾನ!

ಅಷ್ಟಕ್ಕೂ ಅಂದು ನಡೆದದ್ದೇನು? ಸಾಮಾನ್ಯವಾಗಿ 45ರಿಂದ 50 ನಿಮಿಷದಲ್ಲಿ ಮುಗಿಯುವ ಕೃತಿ ಅಂದು ಸುಮಾರು 53 ನಿಮಿಷ ನಡೆಯಿತು. ಅದರ ಮೊದಲ ಭಾಗ ಗುಡುಗಿನಂತೆ ಆರಂಭವಾಗುತ್ತದೆ. ವಾದಕರು ಆ ಆರ್ಭಟವನ್ನು ಬಿರುಸಾಗಿ ಹಿಡಿದು, ಮುಂದೆ ಬರುವ ಹಾಡಿನಂಥ ಎರಡನೆಯ ಸ್ವರವಾಕ್ಯಕ್ಕೆ ನಡೆಯನ್ನು ತಗ್ಗಿಸುವುದು ರೂಢಿ. ಗೂಲ್ಡ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಲಯ ಇಟ್ಟರು. ಪಿಯಾನೋ ಮತ್ತು ಆರ್ಕೆಸ್ಟ್ರಾ ತೊಡೆತಟ್ಟಿ ನಿಲ್ಲುವ ಕುಸ್ತಿಯಂತೆ ಕಾನ್ಚೆರ್ಟೊವನ್ನು ನೋಡುವುದೇ ಅವರಿಗೆ ಹಿಡಿಸುತ್ತಿರಲಿಲ್ಲ. ಅವರ ಕೈಯಲ್ಲಿ ಪಿಯಾನೋ ಹಲವು ದನಿಗಳಲ್ಲಿ ಒಂದಾಗಿ ಸೇರಿಕೊಂಡಿತು. ಏಕವಾದಕನ ಪರಾಕ್ರಮ ನೋಡಲು ಬಂದವರಿಗೆ ಇದರಿಂದ ನಿರಾಸೆಯಾದದ್ದು ಸಹಜವೇ.

ಈ ಕಥೆಗೆ ಒಂದು ಉತ್ತರಾರ್ಧವಿದೆ. 1983ರಲ್ಲಿ ಅದೇ ಬರ್ನ್‌ಸ್ಟೈನ್ ವಿಯೆನ್ನಾ ಫಿಲ್ಹಾರ್ಮೋನಿಕ್ ಜೊತೆ, ಪೋಲೆಂಡಿನ ಕ್ರಿಸ್ಟಿಯಾನ್ ಜಿಮರ್‌ಮನ್ ಪಿಯಾನೋದಲ್ಲಿರಲು, ಅದೇ ಕೃತಿಯನ್ನು ಮುದ್ರಿಸಿದರು. ಅದರ ಅವಧಿ ಸುಮಾರು 54 ನಿಮಿಷ. ಈ ಬಾರಿ ಭಾಷಣವಿರಲಿಲ್ಲ. ನಿಧಾನವಾಯಿತು ಎಂದವರು ಇದ್ದಾರೆ. ಭವ್ಯವಾಗಿದೆ ಎಂದು ಮೆಚ್ಚಿದವರು ಬಹಳ ಮಂದಿ. ಆದರೆ ಅದನ್ನು ಯಾರೂ ಹಗರಣವೆಂದು ನೆನಪಿಡಲಿಲ್ಲ. ಗೂಲ್ಡ್ ತೀರಿಕೊಂಡು ಆಗ ಒಂದು ವರ್ಷವಾಗಿತ್ತು.

ಎರಡನ್ನೂ ಗಡಿಯಾರ ಹಿಡಿದು ಸಮ ಎಂದುಬಿಡುವುದು ನ್ಯಾಯವಲ್ಲ. ಜಿಮರ್‌ಮನ್ ನುಡಿಸಾಣಿಕೆಯಲ್ಲಿ ಆರ್ಭಟ ಆರ್ಭಟವಾಗಿಯೇ ಇದೆ, ನಡುವಿನ ಭಾಗ ಪ್ರಾರ್ಥನೆಯ ಹಾಗೆ ಹಿಗ್ಗಿದೆ. ಗೂಲ್ಡ್ ಶಿಖರಗಳನ್ನೇ ತಗ್ಗಿಸಿದ್ದರು. 1962ರ ಕೇಳುಗರಿಗೆ ನಿಜವಾಗಿ ಕಸಿವಿಸಿ ತಂದದ್ದು ಇದೇ ಇರಬಹುದು. ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಕಸಿವಿಸಿಯಲ್ಲಿ ಕೇಳುಗರ ಕಿವಿಯ ಪಾಲೆಷ್ಟು, ಮೊದಲೇ ಕೇಳಿದ ಮಾತಿನ ಪಾಲೆಷ್ಟು? ಸ್ವತಃ ಕಂಡಕ್ಟರೇ ತನಗೆ ಒಪ್ಪಿಗೆಯಿಲ್ಲ ಎಂದ ಮೇಲೆ ಮೊದಲ ಸ್ವರದಿಂದಲೇ ಸಭೆ ತಪ್ಪು ಹುಡುಕಲು ಕೂರುತ್ತದೆ. ನಿಧಾನ ಎಂದು ಹೆಸರಿಟ್ಟು ಕೊಟ್ಟದ್ದರಲ್ಲಿ ನಿಧಾನವೇ ಮೊದಲು ಕೇಳಿಸುತ್ತದೆ.

ಕೇಳುಗರು ಮೊದಲೇ ಮನಸ್ಸು ಕಟ್ಟಿಕೊಂಡು ಬರುವುದು ಈ ಕೃತಿಗೆ ಹೊಸದೇನಲ್ಲ. 1859ರ ಜನವರಿ 27ರಂದು ಲೈಪ್‌ಜಿಗ್‌ನ ಗೆವಾಂಡ್‌ಹೌಸ್‌ನಲ್ಲಿ 25 ವರ್ಷದ ಬ್ರಾಮ್ಸ್ ತಾನೇ ಪಿಯಾನೋಗೆ ಕುಳಿತು ಇದನ್ನು ನುಡಿಸಿದಾಗ ಸಭೆ ಹುಸ್ ಎಂದು ಸದ್ದು ಮಾಡಿ ತಿರಸ್ಕರಿಸಿತು. ಚಪ್ಪಾಳೆಗೆ ಮುಂದಾದ ಕೆಲವೇ ಕೈಗಳನ್ನೂ ಆ ಸದ್ದು ಸುಮ್ಮನಾಗಿಸಿತು ಎಂದು ಬ್ರಾಮ್ಸ್ ಗೆಳೆಯ ಯೋಆಖಿಮ್‌ಗೆ ಬರೆದರು. ಬೆರಳುಗಳ ಮಿಂಚನ್ನು ಬಯಸಿ ಬಂದವರ ಮುಂದೆ ಪಿಯಾನೋ ಕೂಡಿಸಿದ ಸಿಂಫನಿಯಂಥ ಕೃತಿಯನ್ನು ಇಟ್ಟದ್ದಕ್ಕೆ ಸಿಕ್ಕ ಉತ್ತರ ಅದು. ಅಂದಿನ ಸಭೆಗೆ ಕಿವಿ ಇರಲಿಲ್ಲ ಎನ್ನಲಾಗದು; ಅದರ ನಿರೀಕ್ಷೆ ಬೇರೆಯಾಗಿತ್ತು.

ಪುಣೆಯ ಸವಾಯಿ ಗಂಧರ್ವ ಮಹೋತ್ಸವದಲ್ಲಿ ಕೂತು ಬಂದವರಿಗೆ ಇದು ಬೇಗ ಅರ್ಥವಾಗುತ್ತದೆ. ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರುವಿನ ನೆನಪಿಗೆ 1953ರಲ್ಲಿ ಆರಂಭಿಸಿದ ಆ ಮಹೋತ್ಸವದಲ್ಲಿ ವಿಳಂಬಿತ ಖಯಾಲಿಗೆ ಮುನ್ನ ಯಾರೂ ಕ್ಷಮೆ ಕೇಳುವುದಿಲ್ಲ. ಉಸ್ತಾದ್ ಅಮೀರ್ ಖಾನರು ಅತಿವಿಳಂಬಿತದಲ್ಲಿ ಸ್ವರ ಸ್ವರವನ್ನೇ ಬೆಳೆಸಿದ್ದನ್ನು ಜನ ಗಾಂಭೀರ್ಯವೆಂದೇ ಕೇಳಿದರು. ಅಲ್ಲಿ ಮೆಚ್ಚುಗೆಯೂ ಹಾಡಿನ ನಡುವೆಯೇ ಬರುತ್ತದೆ; ಸಮಕ್ಕೆ ಬಂದಾಗ ಮುಂದಿನ ಸಾಲಿನಿಂದ ಒಂದು ‘ವಾಹ್’ ಕೇಳುತ್ತದೆ, ಪಕ್ಕದವರ ತಲೆ ಆಡುತ್ತದೆ. ಅದರಿಂದ ಹಾಡುವವರಿಗೂ ದಾರಿ ತಿಳಿಯುತ್ತದೆ, ಹೊಸ ಕೇಳುಗನಿಗೂ ತಿಳಿಯುತ್ತದೆ. ಕಾರ್ನೆಗಿ ಹಾಲ್‌ನ ಶಿಸ್ತು ಬೇರೆ. ಅಲ್ಲಿ ಕೊನೆಯ ಸ್ವರದವರೆಗೆ ಬಾಯಿ ಬಿಡುವಂತಿಲ್ಲ. ಬರ್ನ್‌ಸ್ಟೈನ್ ಬಿತ್ತಿದ ಅನುಮಾನ ಆ ಮೌನದಲ್ಲಿ 53 ನಿಮಿಷ ಒಳಗೊಳಗೇ ಬೆಳೆಯಬಹುದಿತ್ತು.

ಹೋಲಿಕೆಗೆ ಮಿತಿಯೂ ಇದೆ. ಖಯಾಲು ಗಾಯಕ ಅಲ್ಲೇ ಕಟ್ಟುವಂಥದ್ದು. ಬ್ರಾಮ್ಸ್ ತನ್ನ ಕೃತಿಯ ಸ್ವರಗಳನ್ನೆಲ್ಲ ಬರೆದಿಟ್ಟು ಹೋದವರು. ಬರೆದದ್ದಕ್ಕೆ ನಿಷ್ಠೆ ಬೇಕು ಎಂಬ ಬರ್ನ್‌ಸ್ಟೈನ್ ಆತಂಕ ಪೊಳ್ಳಲ್ಲ. ಹೇಳದೆ ನುಡಿಸಿದ್ದರೆ, ಆರ್ಕೆಸ್ಟ್ರಾ ದಾರಿ ತಪ್ಪಿದೆ ಎಂದು ಜನ ತನ್ನನ್ನೇ ದೂರುತ್ತಿದ್ದರು ಎಂದೂ ಅವರಿಗೆ ಅನಿಸಿರಬಹುದು. ಅವರ ಮಾತಿನಲ್ಲಿ ಗೂಲ್ಡ್ ಬಗ್ಗೆ ನಿಜವಾದ ಗೌರವವಿತ್ತು. ಗೂಲ್ಡ್ ಕೂಡ ಅದನ್ನು ಅವಮಾನವೆಂದು ಹಿಡಿಯಲಿಲ್ಲ, ಇಬ್ಬರ ಸ್ನೇಹ ಕೆಡಲಿಲ್ಲ. ಎರಡು ವರ್ಷಗಳ ನಂತರ, 1964ರಲ್ಲಿ, ಗೂಲ್ಡ್ ವೇದಿಕೆಯನ್ನೇ ಬಿಟ್ಟದ್ದಕ್ಕೆ ಈ ಕಚೇರಿಯನ್ನು ಕಾರಣವಾಗಿಸುವುದೂ ಸರಿಯಲ್ಲ. ಕಚೇರಿಗಳ ಬಗ್ಗೆ ಅವರಿಗೆ ಮೊದಲಿನಿಂದಲೂ ಬೇಸರವಿತ್ತು.

ಇಷ್ಟೆಲ್ಲ ಒಪ್ಪಿದ ಮೇಲೂ ಆ ಭಾಷಣ ಬೇಡವಾಗಿತ್ತು ಎನ್ನಬೇಕು. ಕಲಾವಿದನ ಮರ್ಯಾದೆಗಿಂತ ಹೆಚ್ಚಾಗಿ ಅದು ಕೇಳುಗನ ಹಕ್ಕಿನ ಮಾತು. ಪರಿಚಿತ ಕೃತಿಯೊಂದು ಅಪರಿಚಿತವಾಗಿ ಎದುರಾದಾಗ ಗೊಂದಲಪಡುವ, ರೇಗುವ, ಐದು ನಿಮಿಷದ ಬಳಿಕ ತನಗೇ ಗೊತ್ತಿಲ್ಲದೆ ಒಲಿಯುವ ಅವಕಾಶ ಕೇಳುಗನಿಗೆ ಇರಬೇಕು. ಅದೇ ಮಾತುಗಳನ್ನು ಬರ್ನ್‌ಸ್ಟೈನ್ ಕೃತಿ ಮುಗಿದ ಮೇಲೆ ಆಡಿದ್ದರೆ ಅದು ಚರ್ಚೆಯಾಗುತ್ತಿತ್ತು. ಮೊದಲೇ ಆಡಿದ್ದರಿಂದ ತೀರ್ಪಾಯಿತು.

ಅಂದಿನ ಮುದ್ರಣ ವರ್ಷಗಟ್ಟಲೆ ಕಳ್ಳಪ್ರತಿಗಳಲ್ಲಿ ಓಡಾಡಿ, 1998ರಲ್ಲಿ ಅಧಿಕೃತವಾಗಿ ಹೊರಬಂತು. ಭಾಷಣವೂ ಅದರಲ್ಲೇ ಇದೆ. ಹೊಸದಾಗಿ ಕೇಳುವವರು ಆ ಭಾಗವನ್ನು ದಾಟಿಸಿ, ನೇರವಾಗಿ ಮೊದಲ ಗುಡುಗಿನಿಂದ ಆರಂಭಿಸಬಹುದು. ಹಿಡಿಸದಿದ್ದರೆ ಆ ಬೇಸರವಾದರೂ ಅವರ ಸ್ವಂತದ್ದಾಗಿರುತ್ತದೆ. ಭಾಷಣವನ್ನು ಆಮೇಲೆ ಕೇಳಿದರೂ ನಷ್ಟವಿಲ್ಲ. ಅದು ನಿಜಕ್ಕೂ ಸೊಗಸಾದ ಭಾಷಣ.