ಅದೇ ವಿಜ್ಞಾನಿ, ಎರಡು ಕಂಪನಿ

2001ರ ಫೆಬ್ರವರಿ. ಜಾರ್ಜ್ ಬುಷ್ ಅಮೆರಿಕದ ಅಧ್ಯಕ್ಷರಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ತೈಲ ಕಂಪನಿ ಎಕ್ಸಾನ್‌ಮೊಬಿಲ್ ಕಡೆಯಿಂದ ಶ್ವೇತಭವನಕ್ಕೆ ಒಂದು ಟಿಪ್ಪಣಿ ಹೋಯಿತು. ಅದರಲ್ಲಿದ್ದ ಒಂದು ಪ್ರಶ್ನೆ: ಅಮೆರಿಕ ಕೇಳಿಕೊಂಡರೆ ವಾಟ್ಸನ್ ಅವರನ್ನು ಈಗಲೇ ಬದಲಿಸಬಹುದೇ?

ರಾಬರ್ಟ್ ವಾಟ್ಸನ್ ಆಗ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಅಧ್ಯಕ್ಷ. ಬ್ರಿಟನ್ ಮೂಲದ ರಸಾಯನ ವಿಜ್ಞಾನಿ. ನಾಸಾ, ಕ್ಲಿಂಟನ್ ಕಾಲದ ಶ್ವೇತಭವನ, ವಿಶ್ವಬ್ಯಾಂಕ್ ಎಲ್ಲ ಕಂಡವರು. ಭೂಮಿ ಬಿಸಿಯಾಗ್ತಿದೆ, ಅದಕ್ಕೆ ನಾವೇ ಕಾರಣ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು.

ಹದಿಮೂರು ವರ್ಷ ಹಿಂದಕ್ಕೆ ಹೋಗೋಣ. 1988ರ ಮಾರ್ಚ್‌ನಲ್ಲಿ ಇದೇ ವಾಟ್ಸನ್ ನೇತೃತ್ವದ ತಂಡ, ಓಝೋನ್ ಪದರ ತೆಳುವಾಗ್ತಿದೆ ಅಂತ ವರದಿ ಕೊಟ್ಟಿತು. ಕೆಲವೇ ದಿನಗಳಲ್ಲಿ ಡ್ಯುಪಾಂಟ್ ಕಂಪನಿ ಸಿಎಫ್‌ಸಿ ತಯಾರಿಕೆಯನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಘೋಷಿಸಿತು. ಸಿಎಫ್‌ಸಿ ಅಂದರೆ ಫ್ರಿಡ್ಜು, ಎಸಿ, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಅನಿಲ. ಜಗತ್ತಿನಲ್ಲೇ ಅತಿ ಹೆಚ್ಚು ತಯಾರಿಸುತ್ತಿದ್ದವರು ಇವರೇ!

ವಿಜ್ಞಾನಕ್ಕೆ ಅಲ್ಲಿದ್ದ ಬೆಲೆ ಇಲ್ಲಿ ಯಾಕಿಲ್ಲ? ಡ್ಯುಪಾಂಟ್‌ಗೆ ಸಿಎಫ್‌ಸಿ ನೂರಾರು ಸರಕುಗಳಲ್ಲಿ ಒಂದು, ಬದಲಿ ರಾಸಾಯನಿಕ ಮಾರಿಯೂ ದುಡ್ಡು ಮಾಡಬಹುದಿತ್ತು. ತೈಲ ಕಂಪನಿಗೆ ತೈಲವೇ ಸರ್ವಸ್ವ. ಇಂಜಿನಿಯರಿಂಗ್ ಓದುವಾಗ, ಡೇಟಾ ಗಟ್ಟಿಯಿದ್ದರೆ ವಾದ ಗೆದ್ದ ಹಾಗೆ ಅಂತ ನಂಬಿದ್ದೆ. ವಾಟ್ಸನ್ ಬಳಿ ಎರಡೂ ಸಲ ಡೇಟಾ ಗಟ್ಟಿಯಾಗೇ ಇತ್ತು.

2002ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಮತದಾನ ನಡೆಯಿತು. ಅಮೆರಿಕ ಬೆಂಬಲಿಸಿದ್ದು ಭಾರತದ ಅಭ್ಯರ್ಥಿ ರಾಜೇಂದ್ರ ಪಚೌರಿ ಅವರನ್ನು. ಪಚೌರಿಗೆ 76 ಮತ, ವಾಟ್ಸನ್‌ಗೆ 49. ಟಿಪ್ಪಣಿಯಿಂದಲೇ ಹೀಗಾಯ್ತು ಅನ್ನೋಕೆ ಪುರಾವೆಯಿಲ್ಲ. ಅಭಿವೃದ್ಧಿಶೀಲ ದೇಶದವರು ಅಧ್ಯಕ್ಷರಾಗಲಿ ಅನ್ನೋ ವಾದದಲ್ಲೂ ನ್ಯಾಯವಿತ್ತು, ಅದನ್ನು ತಳ್ಳಿಹಾಕಲ್ಲ. ಆದರೆ ಬುಷ್ ಸರ್ಕಾರಕ್ಕೆ ಏಕಾಏಕಿ ಬಡದೇಶಗಳ ಮೇಲೆ ಪ್ರೀತಿ ಉಕ್ಕಿತು ಅಂದರೆ ನಂಬೋಕೆ ಕಷ್ಟ. ಅವರ ಲೆಕ್ಕಾಚಾರ ಮೆದು ಮಾತಿನ ಅಧ್ಯಕ್ಷ ಬೇಕು ಅನ್ನೋದೇ ಆಗಿದ್ದರೆ, ಅದು ಕೈಕೊಟ್ಟಿತು. 2007ರಲ್ಲಿ ಪಚೌರಿ ಅಧ್ಯಕ್ಷತೆಯಲ್ಲೇ ಬಂದ ವರದಿ, ತಾಪಮಾನ ಏರುತ್ತಿರುವುದರಲ್ಲಿ ಅನುಮಾನವೇ ಇಲ್ಲ ಎಂದಿತು. ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿಯಲ್ಲೂ ಐಪಿಸಿಸಿಗೆ ಪಾಲು ಸಿಕ್ಕಿತು.

ವಾಟ್ಸನ್ ಮನೆಯಲ್ಲಿ ಕೂರಲಿಲ್ಲ. ಮುಂದೆ ಜೀವವೈವಿಧ್ಯಕ್ಕೂ ಅಂಥದ್ದೇ ಒಂದು ಸಮಿತಿ ಹುಟ್ಟಿತು, ಐಪಿಬಿಇಎಸ್. 2019ರ ಮೇನಲ್ಲಿ ಪ್ಯಾರಿಸ್‌ನಲ್ಲಿ ಅದು ವರದಿ ಬಿಡುಗಡೆ ಮಾಡಿ, ಸುಮಾರು 10 ಲಕ್ಷ ಜೀವಪ್ರಭೇದಗಳು ಅಳಿವಿನಂಚಿನಲ್ಲಿವೆ ಎಂದಾಗ ಅಧ್ಯಕ್ಷರ ಕುರ್ಚಿಯಲ್ಲಿದ್ದದ್ದು ವಾಟ್ಸನ್. ಆ ಕುರ್ಚಿಗೂ ಜನರನ್ನು ಆರಿಸೋದು ಸರ್ಕಾರಗಳೇ.