ಗುಜರಿಗೆ ಹಾಕುವ ಮುಂಚೆ ಉಂಗುರ ನೋಡಿ



ದೀಪಾವಳಿಗೆ ಅಟ್ಟ, ಬೀರು ಸ್ವಚ್ಛ ಮಾಡುವಾಗ ಅನೇಕರ ಮನೆಯಲ್ಲಿ ಹಳೆಯ ರೀಲಿನ ಕ್ಯಾಮೆರಾ ಒಂದು ಸಿಗುತ್ತದೆ. ಮದುವೆಗೋ ಯಾತ್ರೆಗೋ ಎಂದು ಅಪ್ಪನೋ ಚಿಕ್ಕಪ್ಪನೋ ಬೊಂಬಾಯಿಯಿಂದ ತರಿಸಿದ್ದು. ಗುಜರಿಯವನು ಅದನ್ನು ತೂಕದ ಲೆಕ್ಕದಲ್ಲಿ ಕೇಳುತ್ತಾನೆ. ಕೊಡುವ ಮುಂಚೆ ಅದರ ಮುಂದಿರುವ ಲೆನ್ಸನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮನೆಯಲ್ಲಿ ಮಗನೋ ಮೊಮ್ಮಗನೋ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಇಟ್ಟುಕೊಂಡಿದ್ದರೆ ಆ ಲೆನ್ಸು ಇನ್ನೂ ದುಡಿಯಬಹುದು.

ಹಳೆಯ ಲೆನ್ಸಿನ ಮೈಮೇಲೆ 1.8, 2.8, 4, 5.6, 8, 11, 16, 22 ಎಂದು ಅಂಕಿ ಕೆತ್ತಿದ ಉಂಗುರ ಇರುತ್ತದೆ. ಇದೇ ಅಪರ್ಚರ್ ರಿಂಗ್. ಒಳಗೆ ಬೆಳಕು ಹಾಯುವ ಕಿಂಡಿಯನ್ನು ಇದು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಈ ಉಲ್ಟಾ ಲೆಕ್ಕ ಮೊದಲು ಮನಸ್ಸಿನಲ್ಲಿರಲಿ. ಈಗಿನ ಕ್ಯಾಮೆರಾಗಳಲ್ಲಿ ಈ ಕೆಲಸವನ್ನು ಬಾಡಿಯ ಮೇಲಿನ ಚಕ್ರವೇ ಮಾಡುವುದರಿಂದ ಹೆಚ್ಚಿನ ಹೊಸ ಲೆನ್ಸುಗಳಲ್ಲಿ ಉಂಗುರವೇ ಇಲ್ಲ.

ನಿಕಾನ್ ಕಂಪನಿಯವರು 1959ರಲ್ಲಿ ಮಾಡಿದ ಲೆನ್ಸಿನ ಬಾಯಿಯ ಅಳತೆಯನ್ನೇ ತಮ್ಮ ಡಿಜಿಟಲ್ ಎಸ್‌ಎಲ್‌ಆರ್‌ಗಳಿಗೂ ಉಳಿಸಿಕೊಂಡರು. ಹಾಗೆಂದು ಹಳೆಯದೆಲ್ಲ ಹೊಸದಕ್ಕೆ ಕೂರುತ್ತದೆ ಎಂದು ನಂಬಿ ಕೂರಬೇಡಿ. 1977ರಲ್ಲಿ ಅವರು ಉಂಗುರದ ಅಂಚನ್ನು ಬದಲಿಸಿ ‘ಎಐ’ ಎಂಬ ತರಹ ತಂದರು. ಅದಕ್ಕೂ ಹಿಂದಿನ ಲೆನ್ಸನ್ನು ಡಿ 7000, ಡಿ 300, ಡಿ 700 ಮುಂತಾದ ಬಾಡಿಗೆ ಬಲವಂತವಾಗಿ ತಿರುಗಿಸಿದರೆ ಬಾಯಿಯ ಪಕ್ಕದ ಸಣ್ಣ ಕೊಕ್ಕೆ ಮುರಿಯುತ್ತದೆ. ಲೆನ್ಸಿನ ಬೆಲೆಗಿಂತ ರಿಪೇರಿ ಬಿಲ್ಲೇ ದೊಡ್ಡದಾದೀತು. ಗುರುತು ಸುಲಭ. ಎಐ ಲೆನ್ಸಿನಲ್ಲಿ ಅಂಕಿಗಳು ಎರಡು ಸಾಲು, ಬಾಡಿಯ ಕಡೆಗೆ ಇನ್ನೊಂದು ಸಾಲು ಸಣ್ಣ ಅಕ್ಷರದಲ್ಲಿರುತ್ತದೆ. ಒಂದೇ ಸಾಲು ಇದ್ದರೆ ಬಲ್ಲವರಿಗೆ ತೋರಿಸದೆ ಹಾಕಬೇಡಿ.

ಆಮೇಲೆ ಬಂದ, ಹೆಸರಿನ ಕೊನೆಗೆ ‘ಡಿ’ ಇರುವ ಆಟೋಫೋಕಸ್ ಲೆನ್ಸುಗಳಿಗೂ ಉಂಗುರವಿದೆ. ಇವನ್ನು ಹಾಕಿದ ಕೂಡಲೇ ಪರದೆಯಲ್ಲಿ ‘ಎಫ್‌ಇಇ’ ಎಂಬ ಇಂಗ್ಲಿಷ್ ಅಕ್ಷರ ಮಿಣುಕುತ್ತದೆ, ಗುಂಡಿ ಒತ್ತಿದರೆ ಫೋಟೋ ಬರುವುದಿಲ್ಲ. ‘ತಾತ, ನಿನ್ನ ಲೆನ್ಸು ಕೆಟ್ಟಿದೆ’ ಎಂದು ಹುಡುಗರು ತೆಗೆದಿಡುತ್ತಾರೆ. ಕೆಟ್ಟಿರುವುದಿಲ್ಲ. ಉಂಗುರವನ್ನು ಕಿತ್ತಳೆ ಬಣ್ಣದ ಕೊನೆಯ ಅಂಕಿಗೆ, ಅಂದರೆ 22ಕ್ಕೋ 16ಕ್ಕೋ ತಿರುಗಿಸಿ ಪಕ್ಕದ ಚಿಲಕ ಹಾಕಿದರೆ ಆಯಿತು, ಮುಂದಿನದನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಡಿ 3000, ಡಿ 5000 ಸಾಲಿನ ಬಾಡಿಗಳಲ್ಲಿ ಮೋಟಾರು ಇಲ್ಲದ್ದರಿಂದ ಫೋಕಸ್ ಮಾತ್ರ ಕೈಯಲ್ಲೇ ಮಾಡಬೇಕು.

ಎಐ ಲೆನ್ಸಿನಲ್ಲಿ ವಿದ್ಯುತ್ ಸಂಪರ್ಕವೇ ಇಲ್ಲ. ಡಿ 7000, ಡಿ 7100, ಡಿ 7200ರಲ್ಲಿ ಮೆನುವಿಗೆ ಹೋಗಿ ಲೆನ್ಸಿನ ಮಿಲಿಮೀಟರು ಮತ್ತು ಅತಿ ದೊಡ್ಡ ಕಿಂಡಿಯ ಅಂಕಿ ಬರೆದುಕೊಟ್ಟರೆ ಮೀಟರು ಕೆಲಸ ಮಾಡುತ್ತದೆ. 2017ರಲ್ಲಿ ಬಂದ ಡಿ 7500ರಲ್ಲಿ ಆ ಕೊಕ್ಕೆಯನ್ನೇ ತೆಗೆದುಹಾಕಿದರು. ಹೊಸದು ಬಂದಾಗ ಏನು ಕೊಟ್ಟರು ಎಂಬುದರ ಜತೆಗೆ ಏನು ಕಿತ್ತುಕೊಂಡರು ಎಂಬುದನ್ನೂ ಕೇಳಬೇಕು! ಮೀಟರು ಓಡದ ಬಾಡಿಯಲ್ಲಿ ‘ಎಂ’ ಗುರುತಿಗೆ ಇಟ್ಟು ಹಳೆಯ ಸ್ಟುಡಿಯೋದವರ ಲೆಕ್ಕ ಹಿಡಿಯಿರಿ: ಒಳ್ಳೆಯ ಬಿಸಿಲಿಗೆ ಐಎಸ್‌ಒ 100, ವೇಗ 1/125, ಉಂಗುರ 16. ಮೋಡವಿದ್ದರೆ ಉಂಗುರ 8. ತೆಗೆದು ಪರದೆ ನೋಡಿ, ಒಂದು ಮನೆ ಆಚೀಚೆ ಮಾಡಿ. ರೀಲಿನ ಖರ್ಚಂತೂ ಇಲ್ಲ.

ಪೆಂಟಾಕ್ಸ್‌ನವರು 1975ರ ಕೆ ಬಾಯಿಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಕ್ಯಾನನ್ನಿನವರು 1987ರಲ್ಲಿ ಬಾಯನ್ನೇ ಬದಲಿಸಿದ್ದರಿಂದ ಅವರ ಹಳೆಯ ಎಫ್‌ಡಿ ಲೆನ್ಸು ಅವರದೇ ಡಿಜಿಟಲ್ ಎಸ್‌ಎಲ್‌ಆರ್‌ಗೆ ನೇರವಾಗಿ ಕೂರದು. ಆದರೆ ನಿಕಾನ್ನಿನ ಉಂಗುರದ ಲೆನ್ಸು ಒಂದು ಲೋಹದ ಬಳೆ ಹಾಕಿದರೆ ಕ್ಯಾನನ್ನಿಗೆ ಕೂರುತ್ತದೆ. ಮನೆ ಮಗ ಹೊರಗಾಗಿ ನೆರೆಯವನು ಒಳಗಾದ ಹಾಗೆ.

ಇಷ್ಟು ತಾಪತ್ರಯ ಯಾಕೆ ಎನ್ನುವವರು ಮಡಕಶಿರಾ ಸೀಮೆಯ ಹೇಮಾವತಿಗೆ ಹೋಗಿ ಬನ್ನಿ. (ನಮ್ಮ ನೇಮಕಲ್ಲು ಅನಂತಪುರ ಜಿಲ್ಲೆಯಲ್ಲೇ ಉಳಿಯಿತು, ಹೇಮಾವತಿ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ.) ನೊಳಂಬರ ರಾಜಧಾನಿ ಹೆಂಜೇರು ಎಂದರೆ ಇದೇ. ಕರಿಕಲ್ಲಿನ ಕಂಬ, ನಯವಾದ ಕೆತ್ತನೆ, ಒಳಗೆ ಮಂದ ಬೆಳಕು. ಕ್ಯಾಮೆರಾದ ಜತೆ ಬರುವ ಜೂಮ್ ಲೆನ್ಸು 55 ಮಿಲಿಮೀಟರಿನಲ್ಲಿ 5.6ಕ್ಕಿಂತ ತೆರೆಯದು. 50 ಮಿಲಿಮೀಟರಿನ ಹಳೆಯ ಲೆನ್ಸು 1.8ರವರೆಗೆ ತೆರೆಯುತ್ತದೆ, ಅಂದರೆ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು. ಅಲ್ಲಿ 1/6 ಸೆಕೆಂಡು ಕೈ ಅಲುಗದೆ ನಿಲ್ಲಬೇಕಾದರೆ ಇಲ್ಲಿ 1/60 ಸಾಕು. ಫ್ಲಾಶ್ ಹೊಡೆದರೆ ನಯವಾದ ಕಲ್ಲು ಕನ್ನಡಿಯಂತೆ ಬಿಳಿಚಿಕೊಳ್ಳುತ್ತದೆ, ಉಳಿಯ ಗೆರೆ ಕಾಣುವುದಿಲ್ಲ. ನಮ್ಮ ಬಸದಿಗಳಲ್ಲಿಯೂ ಅಷ್ಟೇ. ಅನುಮತಿ ಕೇಳಿ, ಫ್ಲಾಶ್ ಇಲ್ಲದೆ, ಪೂಜೆಗೆ ಅಡ್ಡಿಯಾಗದಂತೆ ತೆಗೆಯಲು ಇಂಥ ಲೆನ್ಸೇ ಅನುಕೂಲ. ಪೂರ್ತಿ ತೆರೆದಾಗ ಮುಂದಿನ ಮೂಗು ಸ್ಪಷ್ಟ, ಹಿಂದಿನ ಕಿವಿ ಮಸುಕು ಆಗುವುದುಂಟು. 2.8ಕ್ಕೆ ತಿರುಗಿಸಿದರೆ ಸ್ವಲ್ಪ ಸರಿಹೋಗುತ್ತದೆ. ಕೈಯಲ್ಲಿ ಫೋಕಸ್ ಮಾಡುವಾಗ ನೋಡುವ ಕಿಂಡಿಯ ಕೆಳಮೂಲೆಯಲ್ಲಿ ಹಸಿರು ಚುಕ್ಕೆ ಹತ್ತಿದರೆ ಸರಿ ಎಂದರ್ಥ.

ಹೊರಗಿನಿಂದ ಹಳೆಯದನ್ನು ಕೊಳ್ಳುವವರು ಸಣ್ಣ ಟಾರ್ಚ್ ಒಯ್ಯಿರಿ. ಲೆನ್ಸಿನ ಹಿಂದಿನಿಂದ ಬೆಳಕು ಬಿಟ್ಟು ನೋಡಿದರೆ ಗಾಜಿನೊಳಗೆ ಜೇಡರ ಬಲೆಯಂತೆ ಬೂಷ್ಟು ಕಂಡೀತು. ಮಳೆ ಕಡಿಮೆಯ ನಮ್ಮ ಸೀಮೆಯಲ್ಲಿ ಇದು ಅಪರೂಪ, ಕರಾವಳಿಯಿಂದ ಬಂದ ಮಾಲಿನಲ್ಲಿ ಹೆಚ್ಚು. ಉಂಗುರ ತಿರುಗಿಸುತ್ತ ಒಳಗಿನ ತೆಳು ಎಲೆಗಳ ಮೇಲೆ ಎಣ್ಣೆ ಮಿನುಗುತ್ತದೆಯೇ ನೋಡಿ. ಎಣ್ಣೆ ಹತ್ತಿದ ಎಲೆ ತಡವಾಗಿ ಮುಚ್ಚುತ್ತದೆ, ಫೋಟೋ ಬೆಳ್ಳಗಾಗುತ್ತದೆ. ಬಿಚ್ಚಿ ತೊಳೆಯುವುದಕ್ಕೆ ಎಷ್ಟಾಗುತ್ತದೆ ಎಂದು ರಿಪೇರಿಯವನನ್ನು ಮೊದಲೇ ವಿಚಾರಿಸಿ, ಅಷ್ಟನ್ನು ಬೆಲೆಯಲ್ಲಿ ಮುರಿದುಕೊಂಡು ಮಾತಾಡಿ.