ಮುಟ್ಟದೆ ವಾಪಸಾದ ಕೈ

2020ರ ಏಪ್ರಿಲ್. ಶಿಡ್ಲಘಟ್ಟದಲ್ಲಿ ನಮ್ಮ ಚಿಕ್ಕಪ್ಪನಿಗೆ ಸೊಂಟ ಹಿಡಿದುಕೊಂಡಿತ್ತು. ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚುವ ಒಲೆಯ ಮುಂದೆ ಬಗ್ಗಿದ ಬೆನ್ನು ಅದು. ಹೀಗಾದಾಗಲೆಲ್ಲ ಬರುತ್ತಿದ್ದ, ಉಳುಕು ತೆಗೆಯುವ ತಾತನಿಗೆ ಹೇಳಿ ಕಳಿಸಿದೆವು. ಬಂದರು. ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡು ಹೊಸ್ತಿಲಾಚೆಯೇ ನಿಂತರು. "ಈಗ ಮೈ ಮುಟ್ಟಬಾರದು ಕಣಪ್ಪ. ನಾನು ನಾಲ್ಕು ಮನೆ ತಿರುಗೋನು. ನೋವು ತೆಗೆಯೋಕೆ ಬಂದು ಕಾಯಿಲೆ ಇಟ್ಟು ಹೋದ್ರೆ?" ಎಂದರು. ಉಪ್ಪಿನ ಶಾಖ ಕೊಡಿ, ಕಾಲು ಜೋಮು ಹಿಡಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರಕೊಂಡು ಹೋಗಿ ಎಂದು ಹೇಳಿ ಹೊರಟರು. ನಾವು ಕೊಡಹೋದ ದುಡ್ಡನ್ನೂ ಮುಟ್ಟಲಿಲ್ಲ.

ಅದೇ ವಾರ ಇನ್ನೊಂದು ಊರಿನಿಂದ ನೆಂಟರ ಫೋನು. ಅಲ್ಲೊಬ್ಬರು ಕತ್ತು, ಬೆನ್ನಿನ ನರ ಎಳೆದು ಬಿಡುತ್ತಾರಂತೆ, ಮೇಲೊಂದು ಕಷಾಯ ಕೊಡುತ್ತಾರಂತೆ, ಅಲ್ಲಿಗೆ ಕೊರೊನಾ ಹತ್ತಿರ ಸುಳಿಯುವುದಿಲ್ಲವಂತೆ. ಹೋದವರೂ ಇದ್ದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೋಂಕು ಮೊದಲು ಬಂದದ್ದು ಮಾರ್ಚ್ ತಿಂಗಳಲ್ಲಿ, ಗೌರಿಬಿದನೂರಿಗೆ. ಆಗ ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗೆ ಹಬ್ಬಿದ ಭಯ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಭಯ ಬಿದ್ದವರು ಸಿಕ್ಕಿದ ಕೈ ಹಿಡಿಯುತ್ತಾರೆ. ಪ್ರಶ್ನೆ ಇರುವುದು ಆ ಕೈಯವರಿಗೆ.

ಇಬ್ಬರೂ ಬೆನ್ನು ಹಿಡಿಯುವವರೇ. ಒಬ್ಬರು ತಮ್ಮ ವಿದ್ಯೆ ಎಲ್ಲಿಗೆ ಮುಗಿಯುತ್ತದೆಂದು ಹೇಳಿದರು, ಇನ್ನೊಬ್ಬರು ಅದಕ್ಕೆ ಕೊನೆಯೇ ಇಲ್ಲ ಎಂದರು. ಇದು ನಮ್ಮ ಸೀಮೆಯ ಕತೆ ಮಾತ್ರ ಎಂದುಕೊಂಡಿದ್ದೆ. ಅಮೆರಿಕದ ಕೈರೋಪ್ರಾಕ್ಟಿಕ್ ಕುರಿತು ಓದಿದಾಗ, ಇದೇ ಜಗಳ ಅಲ್ಲಿ ಒಂದು ವೃತ್ತಿಯನ್ನೇ ಎರಡಾಗಿ ಸೀಳಿತ್ತೆಂದು ತಿಳಿಯಿತು.

ಡೇನಿಯಲ್ ಡೇವಿಡ್ ಪಾಮರ್ ಎಂಬಾತ 1895ರಲ್ಲಿ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಹುಟ್ಟುಹಾಕಿದ ಪದ್ಧತಿ ಅದು. ಬೆನ್ನುಮೂಳೆಯ ಮಣಿ ತುಸು ಸರಿದರೆ ನರದ ಹರಿವು ಕೆಟ್ಟು ರೋಗ ಬರುತ್ತದೆ, ಸರಿದದ್ದನ್ನು ಕೂರಿಸಿದರೆ ದೇಹ ತಾನೇ ಗುಣವಾಗುತ್ತದೆ ಎಂಬುದು ಅವನ ನಂಬಿಕೆ. ಅದನ್ನು ಅಕ್ಷರಶಃ ಹಿಡಿದವರನ್ನು ಅಲ್ಲಿ 'ಸ್ಟ್ರೈಟ್' ಎಂದು ಕರೆದರು. ಬೇರೆ ಚಿಕಿತ್ಸೆಗಳನ್ನೂ ಕೂಡಿಸಿಕೊಂಡವರನ್ನು 'ಮಿಕ್ಸರ್' ಎಂದರು. 1918ರ ಇನ್‌ಫ್ಲುಯೆಂಜಾ ನಮ್ಮ ಮೈಸೂರು ಸಂಸ್ಥಾನವನ್ನೂ ಬಡಿಯಿತಲ್ಲ, ಆಗಲೇ ಅಲ್ಲಿನ ಕೈರೋಪ್ರಾಕ್ಟರುಗಳು ತಮ್ಮ ಕೈಯಲ್ಲಿ ಸತ್ತವರು ತೀರ ಕಡಿಮೆ ಎಂದು ಪ್ರಚಾರ ಮಾಡಿಕೊಂಡಿದ್ದರು.

ನೂರು ವರ್ಷದ ನಂತರ ಅದೇ ಮಾತು ಮರಳಿತು. 2020ರ ಮಾರ್ಚ್‌ನಲ್ಲಿ ಅವರದೇ ಒಂದು ಹಳೆಯ ಸಂಘ, ಬೆನ್ನುಮೂಳೆಯ ಚಿಕಿತ್ಸೆಗೂ ರೋಗನಿರೋಧಕ ಶಕ್ತಿಗೂ ನಂಟಿದೆ ಎಂಬ ಧಾಟಿಯಲ್ಲಿ ವರದಿ ಹೊರಡಿಸಿತು. ಅದೇ ತಿಂಗಳು ವಿಶ್ವ ಕೈರೋಪ್ರಾಕ್ಟಿಕ್ ಒಕ್ಕೂಟ, ಇದಕ್ಕೆ ನಂಬಬಹುದಾದ ಪುರಾವೆ ಇಲ್ಲ, ಹಾಗೆ ಹೇಳಿಕೊಳ್ಳಬೇಡಿ ಎಂದು ಸದಸ್ಯರಿಗೆ ತಿಳಿಸಿತು. ಆ ವಿದ್ಯೆಯದೇ ಸಂಶೋಧಕರು ಹಲವು ದೇಶಗಳಿಂದ ಒಟ್ಟಾಗಿ ಸಹಿ ಹಾಕಿ, ಈ ಹೇಳಿಕೆ ಹುಸಿವಿಜ್ಞಾನ ಎಂದರು. ನನಗೆ ಅತ್ಯಂತ ದೊಡ್ಡದಾಗಿ ಕಂಡದ್ದು ಈ ಸಹಿಗಳು. ಹೊರಗಿನ ಡಾಕ್ಟರು ಬೈದರೆ ಹೊಟ್ಟೆಕಿಚ್ಚು ಎನ್ನಬಹುದು. ಅದೇ ಅನ್ನ ತಿನ್ನುವವರು, ಗಿರಾಕಿ ಬಾರದೆ ಬಾಗಿಲು ಮುಚ್ಚಿದ್ದ ದಿನಗಳಲ್ಲಿ, ಇದು ನಮ್ಮ ಕೈಲಾಗದ ಕೆಲಸ ಎಂದು ಬರೆದುಕೊಟ್ಟದ್ದು ಸಣ್ಣ ಮಾತಲ್ಲ. ಇತ್ತ 2021ರ ಏಪ್ರಿಲ್‌ನಲ್ಲಿ, ವಿಟಮಿನ್ ಡಿ ಮತ್ತು ಜಿಂಕ್ ಮಾತ್ರೆಗಳು ಕೋವಿಡ್ ತಡೆಯುತ್ತವೆಂದು ಪ್ರಚಾರ ಮಾಡಿ ಮಾರಿದ ಆರೋಪದ ಮೇಲೆ ಸೇಂಟ್ ಲೂಯಿಸ್‌ನ ಒಬ್ಬ ಕೈರೋಪ್ರಾಕ್ಟರನ ವಿರುದ್ಧ ಅಮೆರಿಕದ ವ್ಯಾಪಾರ ಆಯೋಗ ಮೊಕದ್ದಮೆ ಹೂಡಿತು. ಲಸಿಕೆ ವಿರೋಧಿ ಸಭೆಗಳಿಗೆ ಹಣ ಒದಗಿಸಿದವರೂ ಆ ವೃತ್ತಿಯಲ್ಲಿದ್ದರು.

ನಮ್ಮಲ್ಲಿ? ಆಯುಷ್ ಸಚಿವಾಲಯ 2020ರ ಜನವರಿಯಲ್ಲೇ ಮುನ್ನೆಚ್ಚರಿಕೆಯಾಗಿ ಆರ್ಸೆನಿಕಂ ಆಲ್ಬಂ 30 ಎಂಬ ಹೋಮಿಯೋಪತಿ ಗುಳಿಗೆಯನ್ನು ಸೂಚಿಸಿತು. ಅದೇ ಸಚಿವಾಲಯ ಏಪ್ರಿಲ್ 1ರಂದು ಕೋವಿಡ್ ಗುಣಪಡಿಸುತ್ತೇವೆಂಬ ಜಾಹೀರಾತು ನಿಲ್ಲಿಸಿ ಎಂದು ಆದೇಶ ಮಾಡಬೇಕಾಯಿತು. ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳು, ನೆಲ್ಲೂರು ಜಿಲ್ಲೆಯ ಕೃಷ್ಣಪಟ್ಟಣದಲ್ಲಿ ಆನಂದಯ್ಯ ಎಂಬ ನಾಟಿ ವೈದ್ಯರ ಔಷಧಿಗೆ ಸಾವಿರಾರು ಜನ ಮುಗಿಬಿದ್ದರು. ಆಂಧ್ರ ಸರ್ಕಾರ ತಡೆದು, ಪರೀಕ್ಷೆಗೆ ಕಳಿಸಿ, ಕಣ್ಣಿಗೆ ಬಿಡುವ ಹನಿಯೊಂದನ್ನು ಬಿಟ್ಟು ಉಳಿದದ್ದಕ್ಕೆ ಅನುಮತಿ ಕೊಟ್ಟಿತು. ಚಿಂತಾಮಣಿ ಕಡೆಯ ಮನೆಮನೆಯಲ್ಲೂ ತೆಲುಗಿನ ಮಾತಿದೆ, ಗಡಿಯಾಚೆ ನೆಂಟಸ್ತನವಿದೆ. ಆ ಸುದ್ದಿ ಇಲ್ಲಿಗೆ ಬಸ್ಸಿಲ್ಲದೆಯೂ ಬಂತು. ಆಕ್ಸಿಜನ್ ಸಿಗದೆ ಜನ ಒದ್ದಾಡುತ್ತಿದ್ದ ತಿಂಗಳದು. ಹಾಸಿಗೆ ಖಾಲಿ ಇಲ್ಲ ಎನ್ನುವ ಆಸ್ಪತ್ರೆಗಿಂತ ಬಾ ಎನ್ನುವ ಔಷಧಿ ಆಪ್ತವಾಗಿ ಕಂಡದ್ದರಲ್ಲಿ ಸರ್ಕಾರಗಳ ಪಾಲೂ ಇದೆ.

ಮಹಾಮಾರಿಯ ಅದೇ 2020, ಎಚ್. ನರಸಿಂಹಯ್ಯನವರ ನೂರನೇ ವರ್ಷ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಮಗ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದವರು. ಮೇಷ್ಟ್ರು ಬದುಕಿದ್ದರೆ ನಾಟಿ ವೈದ್ಯರನ್ನು ಹೀಗಳೆಯುತ್ತಿದ್ದರೆಂದು ನನಗನ್ನಿಸುವುದಿಲ್ಲ. ತೋರಿಸಿ, ನೋಡೋಣ ಎನ್ನುತ್ತಿದ್ದರು.

ಹಾಗೆ ಕೇಳಬೇಕಾದ ಕಾಲ ಈಗ ಬಂದಿದೆ. ಕೈ ಮುರಿದರೆ ನಮ್ಮವರು ಇಂದಿಗೂ ಚಿತ್ತೂರು ಕಡೆಯ ಪುತ್ತೂರು ಕಟ್ಟು ನೆನೆಯುತ್ತಾರೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ತುಳಿಸಿಕೊಳ್ಳುವ ರೂಢಿಯೂ ಇದೆ. ಈಚೆಗೆ ಮೊಬೈಲಿನಲ್ಲಿ ಕತ್ತು ಲಟಕ್ಕೆನ್ನಿಸುವ ವಿಡಿಯೋ ನೋಡಿ ಹುಡುಗರು ಬೆಂಗಳೂರಿನ ಕೈರೋಪ್ರಾಕ್ಟರ್ ವಿಳಾಸ ಹುಡುಕುತ್ತಿದ್ದಾರೆ. ಕೆಲವು ಬಗೆಯ ಬೆನ್ನುನೋವಿಗೆ ಈ ಚಿಕಿತ್ಸೆಯಿಂದ ಒಂದಿಷ್ಟು ಆರಾಮ ಸಿಗುತ್ತದೆ, ನಿಜ. ಕತ್ತನ್ನು ಸರಕ್ಕನೆ ತಿರುಗಿಸಿದ ಮೇಲೆ ಮಿದುಳಿಗೆ ರಕ್ತ ಒಯ್ಯುವ ಕತ್ತಿನ ನಾಳ ಸೀಳಿದ ಅಪರೂಪದ ಪ್ರಕರಣಗಳು ವರದಿಯಾಗಿರುವುದೂ ನಿಜ. ಆದರೂ ಈ ವೃತ್ತಿಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ, ಪರಿಷತ್ತಿಲ್ಲ. ಯಾರು ಎಲ್ಲಿ ಕಲಿತರು, ತಪ್ಪಾದರೆ ಯಾರನ್ನು ಕೇಳಬೇಕು ಎಂಬುದಕ್ಕೆ ಒಂದು ನೋಂದಣಿ ಪುಸ್ತಕವಾದರೂ ಬೇಕು. ಅದು ಬರುವ ತನಕ ಬೆನ್ನು ಒಪ್ಪಿಸುವ ಮೊದಲು, ಕೊರೊನಾ ಬಂದಾಗ ನೀವು ಜನಕ್ಕೆ ಏನು ಹೇಳಿದಿರಿ ಎಂದು ಕೇಳಿ. ನಾನು ಕೇಳುತ್ತೇನೆ.

2021ರ ಮಾರ್ಚ್‌ನಲ್ಲಿ ಅರವತ್ತು ದಾಟಿದವರಿಗೆ ಲಸಿಕೆ ಶುರುವಾಯಿತು. ನಮ್ಮ ತಾತ ಸಾಲಿನಲ್ಲಿ ನಿಂತು ಚುಚ್ಚಿಸಿಕೊಂಡರು. ಎರಡನೇ ಡೋಸೂ ಆಗಿ, ಊರಿನಲ್ಲಿ ಜ್ವರ ಇಳಿದ ಮೇಲೆ ಒಂದು ಬೆಳಿಗ್ಗೆ ತಾವಾಗಿಯೇ ಬಂದರು. ಹೊಸ್ತಿಲು ದಾಟಿ, ಕೈ ತೊಳೆದು, ಅಂಗೈಗೆ ಹರಳೆಣ್ಣೆ ಸವರಿಕೊಂಡು ಚಿಕ್ಕಪ್ಪನಿಗೆ ಹೇಳಿದರು: "ಈಗ ಮಲಕ್ಕೊ."